ಎಡದ ತಟ್ಟೆಗೆ ಬಂದ ಅಂಗಿ

ಉಪ್ಪಿನ ಬಾಗಿಲ ಮುಂದೆ ತಕ್ಕಡಿ ತೂಗಿದೆ. ಬೆಳಕು ಇನ್ನೂ ಬಣ್ಣವಾಗಿಲ್ಲ. ಕತ್ತಲೆ ತೆಳುವಾಗಿದೆ, ಅಷ್ಟೆ. ಎರಡು ಕಲ್ಲುಕಂಬಗಳ ನಡುವಿನ ತೊಲೆಯಿಂದ ಒಂದು ಕೊಕ್ಕೆ, ಕೊಕ್ಕೆಯಿಂದ ಒಂದು ದಂಡ, ದಂಡದ ಎರಡು ತುದಿಗೆ ಎರಡು ತಟ್ಟೆ. ದಂಡ ಯಾವ ಮರದ್ದೆಂದು ಹೇಳಬಲ್ಲವರು ಊರಿನಲ್ಲಿ ಯಾರೂ ಉಳಿದಿಲ್ಲ. ತಲೆಮಾರುಗಳ ಅಂಗೈ ಬೆವರು ಕುಡಿದು ಅದು ಮಿಂದೆದ್ದ ಎಮ್ಮೆಯ ಬೆನ್ನಿನ ಹಾಗೆ ಕಪ್ಪಗೆ ಮಿನುಗುತ್ತದೆ. ಎಡದ ತಟ್ಟೆ ತಾಮ್ರದ್ದು, ನಮ್ಮವರೇ ಬಡಿದದ್ದು. ಹನಿ ಬಿದ್ದ ಕೆರೆಯಂತೆ ಮೈತುಂಬ ಸುತ್ತಿಗೆಯ ಗುರುತು. ಬಲದ ತಟ್ಟೆ ಯಾವ ಲೋಹದ್ದೋ ತಿಳಿಯದು. ಅದರ ಮೇಲೆ ಯಾವ ಗುರುತೂ ನಿಲ್ಲುವುದಿಲ್ಲ. ಒಂದು ಗುಬ್ಬಿ ಎಲ್ಲಿಂದಲೋ ಬಂದು ಬಲದ ತಟ್ಟೆಯ ಅಂಚಿನಲ್ಲಿ ಕೂರುತ್ತದೆ. ದಂಡ ಅಲುಗುವುದಿಲ್ಲ. ಅದು ಹಾರಿ ಎಡದ ತಟ್ಟೆಗೆ ಬಂದು ಕೂತು ಕೊಕ್ಕು ಒರೆಸಿಕೊಳ್ಳುತ್ತದೆ. ಆಗಲೂ ಅಲುಗುವುದಿಲ್ಲ. ಗುಬ್ಬಿಯನ್ನು ಯಾರೂ ಮಾಡಿದ್ದಲ್ಲ, ಯಾರಿಗೂ ಅದು ಕೆಳಗೆ ಸಿಕ್ಕಿದ್ದೂ ಅಲ್ಲ. ತಕ್ಕಡಿಯ ಹಿಂದೆ ಬಾಗಿಲು ಮುಚ್ಚಿದೆ. ಕಣ್ಣು ಮುಚ್ಚಿ ಊರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಈ ಚಿತ್ರ. ಆಮೇಲೆ ಮನುಷ್ಯರು ಒಬ್ಬೊಬ್ಬರಾಗಿ ಬಂದು ಅದರೊಳಗೆ ನಿಲ್ಲುತ್ತಾರೆ.

ನಮ್ಮ ಊರು ಉಪ್ಪಿನ ಮೇಲೆ ಕೂತಿದೆ. ಬಾಗಿಲ ಆಚೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಉಪ್ಪಿನ ಗವಿಗಳು, ಗವಿಗಳಲ್ಲಿ ಅವುಗಳ ಪಾಡಿಗೆ ಬದುಕಿರುವ ಪ್ರಾಣಿಗಳು. ಉಪ್ಪು ಕಡಿಯಲು ಇಳಿದವರ ಮೇಲೆ ಅವು ಬೀಳುತ್ತವೆ, ಇವರು ಹೊಡೆಯುತ್ತಾರೆ, ಸತ್ತ ಪ್ರಾಣಿಯ ಮೈಯಿಂದ ಏನಾದರೊಂದು ಸಾಮಾನು ಉದುರುತ್ತದೆ. ಕೈಯಿಲ್ಲದ ಹಾವಿನಿಂದ ಕೈಗವಸು, ಬಾವಲಿಯಿಂದ ಗುರಾಣಿ, ಒಮ್ಮೆ ಒಂದು ಮುದಿ ಹೆಗ್ಗಣದಿಂದ ಕನ್ನಡಕ. ಹಾಗೆ ಬಂದದ್ದಕ್ಕೆ ನಾವು ಉದುರು ಎನ್ನುತ್ತೇವೆ. ಊರಿನ ಕುಲುಮೆಯಲ್ಲಿ, ಹೊಲಿಗೆಯ ಹಲಗೆಯ ಮೇಲೆ ಆದದ್ದು ಕೈಗೆಲಸ. ಇಳಿಯುವವರು ತಮ್ಮ ಕೈಗೆಲಸವನ್ನೆಲ್ಲ ಎಡದ ತಟ್ಟೆಗೆ, ಉದುರನ್ನೆಲ್ಲ ಬಲದ ತಟ್ಟೆಗೆ ಇಡಬೇಕು. ದಂಡ ಸಮನಾಗಿ ನಿಂತರೆ ಬಾಗಿಲು ತೆರೆಯುತ್ತದೆ. ನಿಲ್ಲದಿದ್ದರೆ ಇಲ್ಲ. ಉಟ್ಟ ಬಟ್ಟೆಯನ್ನು ತಕ್ಕಡಿ ಕೇಳುವುದಿಲ್ಲ, ಕವಚವನ್ನು ಕೇಳುತ್ತದೆ. ತಪ್ಪು ತಟ್ಟೆಗೆ ಇಟ್ಟದ್ದು ಗುಬ್ಬಿ ಕೂತ ಹಾಗೆ. ಅದಕ್ಕೆ ತೂಕವೇ ಇಲ್ಲ. ಕೆಳಗಿನಿಂದ ಮೇಲೆ ಬರುವವರಿಗೆ ಮಾತ್ರ ಯಾವ ತೂಕದ ಹಂಗೂ ಇಲ್ಲದೆ ಅದು ತೆರೆದುಕೊಳ್ಳುತ್ತದೆ.

ಮನುಷ್ಯ ಎಂಥದಕ್ಕೂ ಹೊಂದಿಕೊಳ್ಳುತ್ತಾನೆ. ನಮ್ಮಲ್ಲಿ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಒಂದು ಕೈಗೆಲಸ, ಗಂಡಿನ ಕಡೆಯವರು ಒಂದು ಉದುರು ತಂದು ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡುತ್ತಾರೆ; ಸಮ ಬರದಿದ್ದರೆ ಯಾರೋ ಒಬ್ಬ ಚಿಕ್ಕಮ್ಮ ಕಿವಿಯ ಓಲೆ ಬಿಚ್ಚಿ ಹಾಕುತ್ತಾಳೆ, ಎಲ್ಲರೂ ನಗುತ್ತಾರೆ, ಮದುವೆ ನಡೆಯುತ್ತದೆ.

ನಾನು ಕವಚ ಮಾಡುವವನು, ಹೆಸರು ಮೌನಪ್ಪ. ಕಬ್ಬಿಣವೂ ಚರ್ಮವೂ ನನ್ನ ಕೈಗೆ ಬರುತ್ತವೆ. ಕುಲುಮೆಯ ಪಕ್ಕದ ಗೂಡಿನಲ್ಲಿ ಮಸಿ ಹಿಡಿದ ನಾಲ್ಕಾರು ಕವನ ಸಂಕಲನಗಳಿವೆ. ಕಬ್ಬಿಣ ಕಾಯುವವರೆಗೆ ಒಂದು ಪದ್ಯ ಓದುವುದು ಹರೆಯದಿಂದ ಬಂದ ಚಾಳಿ. ನಾನು ಹರೆಯದವನಿದ್ದಾಗ ಉದುರು ಬಡಕಲಾಗಿತ್ತು. ಜಂಗು ಹಿಡಿದ ಚೂರಿ, ಒಂದೇ ಕಿವಿಯ ಶಿರಸ್ತ್ರಾಣ. ಜನ ನನ್ನಪ್ಪ ಮಾಡಿದ ಎದೆಗವಚ ತೊಟ್ಟು, ತೂಕ ಸರಿದೂಗಲಿ ಎಂದು ಎರಡು ಉದುರಿನ ಚೂರಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯುತ್ತಿದ್ದರು. ಆಮೇಲೆ ಏನಾಯಿತೋ, ವರ್ಷ ಕಳೆದಂತೆ ಉದುರು ಬಲಿಯುತ್ತ ಹೋಯಿತು. ಕತ್ತಲಲ್ಲಿ ತಾನೇ ಹೊಳೆಯುವ ಖಡ್ಗ, ಏಟು ಬಿದ್ದರೆ ಏಟನ್ನೇ ತಿಂದುಬಿಡುವ ಗುರಾಣಿ. ಅವುಗಳೆದುರು ನನ್ನ ಕಬ್ಬಿಣ ಏನು? ಆದರೆ ತಕ್ಕಡಿ ಬಿಡಬೇಕಲ್ಲ. ಜನ ನನ್ನ ಬಾಗಿಲಿಗೆ ಬಂದು, "ಕಾಕಾ, ಏನಾರ ಒಂದ ಮಾಡಿ ಕೊಡ್ರಿ, ತೂಕ ಬಂದ್ರ ಸಾಕು" ಎನ್ನತೊಡಗಿದರು. ಹೀಗೆ ನಾನು ಗುಂಡು ಮಾಡುವವನಾದೆ. ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಕಣ್ಣಿರುವ ಕಬ್ಬಿಣದ ಗುಂಡು. ಆಗೊಮ್ಮೆ ಈಗೊಮ್ಮೆ ಒಂದು ಜೊತೆ ಚಪ್ಪಲಿ ಬಿಟ್ಟರೆ, ಇಡೀ ಊರಿಗೆ ನನ್ನಿಂದ ಬೇಕಾದದ್ದು ಇಷ್ಟೇ. ಯಾರೂ ನೋಡದ ಅಡಿಭಾಗದಲ್ಲಿ ನಾನು ಒಂದು ಎಲೆಯನ್ನು ಕೊರೆಯುತ್ತಿದ್ದೆ. ಕೈ ಮರೆಯಬಾರದೆಂದು.

ಎದುರಿಗೆ ಗುರುಪಾದಪ್ಪನ ಉದುರಿನ ಅಂಗಡಿ. ಅವನೂ ನಾನೂ ಒಂದೇ ವಾರಿಗೆಯವರು. ಅವನು ಕೆಳಗಿನಿಂದ ಬಂದದ್ದನ್ನು ಕೊಂಡು, ಒರೆಸಿ, ತೂಗುಹಾಕಿ ಮಾರುತ್ತಾನೆ. ಮೈಮೇಲೆ ಒಂದು ಗುಂಡಿಯಷ್ಟು ಕೈಗೆಲಸವನ್ನೂ ಇಟ್ಟುಕೊಂಡವನಲ್ಲ. ಅವನ ಕಾಲಿನ ಜೋಡಂತೂ ಊರಿಗೇ ಹೆಸರಾಗಿತ್ತು: ಆಮೆಯೊಂದರಿಂದ ಉದುರಿದ ಹಸಿರು ಜೋಡು, ಮುಳ್ಳು ಚುಚ್ಚದು, ನೀರು ಇಳಿಯದು, ಸವೆಯದು. ಅದನ್ನು ಮೆಟ್ಟಿ ಅವನು ಬಲಗಾಲು ಸ್ವಲ್ಪ ಎಳೆಯುತ್ತ ನಡೆಯುತ್ತಿದ್ದ. ಹುಟ್ಟಿನಿಂದಲೇ ಹಾಗೆ ಎಂದು ಊರು ನಂಬಿತ್ತು. ದಿನಾ ಬೆಳಗ್ಗೆ ತನ್ನ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದ:

"ಏ ಮೌನ್ಯಾ, ಇವತ್ತ ಎಷ್ಟ ಗುಂಡ ಹಡದ್ಯೋ?"

"ನೀ ಹೆಕ್ಕಿದ್ದಕ್ಕಿಂತ ಒಂದ ಹೆಚ್ಚು. ನಾ ಹಡೀತೀನಿ, ನೀ ಹೆಕ್ಕತಿ. ಬಾಣಂತಿ ಯಾರು, ಕಾಗಿ ಯಾರು, ನೀನ ಹೇಳು."

"ಬಾಣಂತಿಗೆ ಬೆಲ್ಲ ಕಳಸ್ಲೇನು?"

"ಕಳಸು. ಅದ್ರಾಗರ ಯಾರದರ ಕೈ ಇರ್ತೈತಿ."

ಹೀಗೆ ನಮ್ಮ ದಿನಗಳು ಹೋಗುತ್ತಿದ್ದವು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಕೆಳಗೆ ಒಂದು ಗವಿಯ ಸೂರು ಕುಸಿಯಿತು. ಉಪ್ಪು ಕಡಿಯುತ್ತಿದ್ದವರೆಲ್ಲ ಹೊರಗೆ ಓಡಿ ಬಂದರು. ನೀಲವ್ವ ಒಬ್ಬಳು ಒಳಗೆ ಉಳಿದಳು. ನಡುವಯಸ್ಸಿನ ಗಟ್ಟಿಗಿತ್ತಿ, ತಂಗಿ ಫಕೀರವ್ವನೊಂದಿಗೆ ಇದ್ದವಳು. ಇಬ್ಬರಿಗೂ ಬೇರೆ ಯಾರಿಲ್ಲ. ಹುಡುಕಲು ಇಳಿದ ಗಂಡಸರು ಮರುದಿನ ಬೆಳಗ್ಗೆ ತಿರುಗಿ ಬಂದು ಹೇಳಿದರು: ನೀಲವ್ವ ಬದುಕಿದ್ದಾಳೆ, ಕೂಗಿದರೆ ಓಗೊಡುತ್ತಾಳೆ, ಬಂಡೆಯ ಬಿರುಕಿನಿಂದ ನೀರೂ ತೊಟ್ಟಿಕ್ಕುತ್ತಿದೆ. ಆದರೆ ಉಳಿದಿರುವ ಸಂದು ಬಹಳ ಕಿರಿದು, ತಮ್ಮ ಹೆಗಲು ಅದರಲ್ಲಿ ಹಿಡಿಯುವುದಿಲ್ಲ. ಸಂದಿನ ಆಚೆ ಒಂದು ಗೀರ ಓಡಾಡುತ್ತಿದೆ. ಗೀರವೆಂದರೆ ಉಪ್ಪಿನ ಗೋಡೆಯಂತೆಯೇ ಬಿಳುಪಾದ, ಉದ್ದ ಉಗುರಿನ ಪ್ರಾಣಿ. ಅದು ಕೊಲ್ಲುವುದು ಪರಚಿ ಪರಚಿಯೇ. ಕುಸಿದ ರಾಶಿಯಲ್ಲಿ ಸಿಕ್ಕಿದ್ದೆಂದು ಅವರು ನೀಲವ್ವನ ಎರಡೂ ಚಪ್ಪಲಿಗಳನ್ನು ತಂದಿದ್ದರು. ಹಿಮ್ಮಡಿಯ ಜೋಡುಗಂಟು ನನ್ನದೇ. ಅಲ್ಲಿಯ ನೆಲ ಒಡೆದ ಗಾಜಿನಂಥ ಉಪ್ಪು. ಬರಿಗಾಲಿನವಳು ತಾನಾಗಿ ಬರಲಾರಳು.

ಮಧ್ಯಾಹ್ನದ ಹೊತ್ತಿಗೆ ಫಕೀರವ್ವ ನನ್ನ ಕುಲುಮೆಗೆ ಬಂದಳು. ಸಣ್ಣ ಮೈಯವಳು, ಮಗ್ಗದ ಲಾಳಿಯಂತೆ. ಬೆನ್ನ ಮೇಲೆ ಒಂದು ಗಂಟು. ಬಿಚ್ಚಿದಾಗ ಕುಲುಮೆಯ ಮನೆಯೆಲ್ಲ ಬೆಳ್ಳಗಾಯಿತು: ಮೀನಿನ ಹುರುಪೆಯಂಥ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿದ ಒಂದು ಅಂಗಿ. ಉದುರು. ಹಿಂದೆಂದೋ ನೀಲವ್ವ ಹೊಡೆದ ಒಂದು ಮಹಾ ಮೊಸಳೆಯಿಂದ ಬಂದದ್ದು. ಯಾವ ಉಗುರೂ ಅದನ್ನು ದಾಟದು. ಆದರೆ ಅದು ಗೂಳಿಯಂಥ ಮೈಯವನಿಗೆ ಆಗಬೇಕಾದ ಅಂಗಿ. ಊರಿನಲ್ಲಿ ಯಾರಿಗೂ ಹೊಂದದೆ ಅವರ ಮನೆಯ ಅಟ್ಟದಲ್ಲಿ ಬಿದ್ದಿತ್ತು. ಮಾರು ಎಂದು ಗುರುಪಾದಪ್ಪ ಎಷ್ಟೋ ಸಲ ಕೇಳಿದ್ದನಂತೆ.

"ಒಂದ ಗುಂಡ ಬೇಕಾಗಿತ್ರಿ ಕಾಕಾ," ಎಂದಳು. "ಈ ಅಂಗಿ ತೂಕದ್ದು."

"ನೀ ಹೋಗಾಕೇನು?"

"ಮತ್ಯಾರ ಹೋಗಬೇಕ್ರಿ? ಆ ಸಂದ್ಯಾಗ ಹಿಡಿಯೂ ಮೈ ಇದೊಂದ."

"ಹಾಕ್ಕೋ, ನೋಡೂನು."

ತೊಟ್ಟಳು. ಅಂಗಿ ಮೊಣಕಾಲು ದಾಟಿತು; ಕೊರಳು ಒಂದು ಹೆಗಲಿನಿಂದ ಜಾರಿತು. "ಕೈ ಮ್ಯಾಲೆತ್ತು" ಎಂದೆ. ಎತ್ತಲು ನೋಡಿದಳು, ಎದೆಯ ಮಟ್ಟಕ್ಕೆ ಬಂದು ಕೈ ನಿಂತಿತು. ಹಣೆಯ ಮೇಲೆ ಬೆವರು.

"ಇದು ನಿನ್ನ ಕಾಯೂದಿಲ್ಲ ತಂಗಿ. ನೀನ ಇದನ್ನ ಕಾಯಬೇಕಾಗ್ತೈತಿ. ಮ್ಯಾಲ ಇಷ್ಟ ತೂಕದ ಗುಂಡ ಬ್ಯಾರೆ. ಆ ಸಂದ್ಯಾಗ ಹ್ಯಾಂಗ ತೆವಳ್ತಿ?"

"ತೆವಳ್ತೀನ್ರಿ. ಹಲ್ಲ ಕಚ್ಚಿ ತೆವಳ್ತೀನಿ. ಅಕ್ಕ ಅಲ್ಲಿ ಒಬ್ಬಾಕೆ ಕುಂತಾಳ." ಮುಖ ಆ ಕಡೆ ತಿರುಗಿಸಿಕೊಂಡಳು. "ನೀವು ಗುಂಡ ಮಾಡ್ರಿ. ಉಳಿದದ್ದ ನನಗ ಬಿಡ್ರಿ."

ನಾನು ಅಂಗಿಯ ಅಂಚನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತೆ. ಕೂತು ಎಷ್ಟು ಹೊತ್ತಾಯಿತೋ. ನಮ್ಮ ಊರಿನಲ್ಲಿ ಉದುರನ್ನು ಯಾರೂ ಕೊಯ್ಯುವುದಿಲ್ಲ. ಸಿಕ್ಕಿದ್ದು ಸಿಕ್ಕ ಹಾಗೇ ಇರಬೇಕು. ಮೈ ಅದಕ್ಕೆ ಹೊಂದಿಕೊಳ್ಳಬೇಕು. ನಾನೂ ಅದನ್ನು ಹೀಗೆ ಮಡಿಲಲ್ಲಿ ಇಟ್ಟುಕೊಂಡು ನೋಡಿದವನಲ್ಲ, ಹೊಟ್ಟೆಕಿಚ್ಚು ನೋಡಗೊಟ್ಟಿರಲಿಲ್ಲ. ಈಗ ನೋಡಿದೆ. ಬಿಲ್ಲೆಗಳು ಒಡೆಯವು, ನಿಜ. ಆದರೆ ಅವನ್ನು ಹಿಡಿದಿರುವುದು ದಾರ. ಬಿಲ್ಲೆಗೆ ಎರಡು ತೂತು, ತೂತಿನಿಂದ ತೂತಿಗೆ ಓರೆ ಹೊಲಿಗೆ, ಹನ್ನೆರಡಕ್ಕೊಂದು ಗಂಟು. ಒಂದು ಕಡೆ ಗಂಟು ತಪ್ಪಿ, ಹೊಲಿದವರು ಹಿಂದಕ್ಕೆ ಬಂದು ಮತ್ತೆ ಹಾಕಿದ್ದರು. ದಾರ ಅಲ್ಲಿ ದಪ್ಪಗಿತ್ತು. ಆ ತಪ್ಪನ್ನು ನಾನು ಬೆರಳ ತುದಿಯಿಂದ ಮುಟ್ಟಿದೆ. ಎಲ್ಲಿಯದೋ, ಯಾವ ಕಾಲದ್ದೋ ಒಂದು ಕೈ. ದಣಿದ ಕೈ, ಬೆಳಕು ಹೋಗುವ ಮುನ್ನ ಸಾಲು ಮುಗಿಸಬೇಕೆಂದು ಅವಸರಪಟ್ಟ ಕೈ. ಇಷ್ಟು ವರ್ಷ ಯಾವುದನ್ನು ನನ್ನ ವೈರಿಯೆಂದು ಬಗೆದಿದ್ದೆನೋ ಅದರೊಳಗೆ ಕೂತು ನನ್ನಂಥವನೇ ಒಬ್ಬ ಹೊಲಿಯುತ್ತಿದ್ದ. ನನ್ನ ಕಣ್ಣು ಮಂಜಾಯಿತು. ಅವನಿಗೆ ಮನಸ್ಸಿನಲ್ಲೇ ಕೈ ಮುಗಿದು ಹೇಳಿದೆ: ಅಪ್ಪಣೆ ಕೊಡು, ನಿನ್ನ ಹೊಲಿಗೆ ಬಿಚ್ಚುತ್ತೇನೆ.

"ಕೊಯ್ಯೂನು ಇದನ್ನ," ಎಂದೆ.

ಫಕೀರವ್ವ ಬೆಚ್ಚಿದಳು. "ಉದುರು ಕೊಯ್ತಾರೇನ್ರಿ ಯಾರರ? ಅಕ್ಕ ಬಂದ್ರ ನನ್ನ ಜೀವಾ ತಗೀತಾಳ."

"ಬಂದು ತಗೀಲಿ. ಆಕಿ ಬರೂದ ಅಲ್ಲೇನ ನಮಗ ಬೇಕಾದದ್ದು?"

ಅವಳು ನಕ್ಕಳು, ಅಳುತ್ತಲೇ. ಆಮೇಲೆ ನಾನು ಕೇಳುತ್ತ ಹೋದೆ, ಅವಳು ತೋರಿಸುತ್ತ ಹೋದಳು. ಹೇಗೆ ತೆವಳುತ್ತಿ, ಯಾವ ಮೊಣಕೈ ಮುಂದೆ? ಅಕ್ಕನನ್ನು ಎಳೆಯುವಾಗ ಯಾವ ಭುಜಕ್ಕೆ ಭಾರ? ಹೆದರಿದಾಗ ಕುತ್ತಿಗೆ ಎಲ್ಲಿ ಒಳಗೆಳೆದುಕೊಳ್ಳುತ್ತಿ? ಅವಳು ನೆಲದ ಮೇಲೆ ತೆವಳಿ ತೋರಿಸಿದಳು. ಕಂಕುಳಲ್ಲಿ ಬಿಲ್ಲೆ ತೆಗೆದು ಎಳೆಗರುವಿನ ಚರ್ಮ ಹಾಕಿದೆ, ಕೈ ಆಕಾಶಕ್ಕೆ ಎತ್ತುವಂತೆ. ಬೆನ್ನಿಗೆ ಎರಡು ಪದರ. ಸೊಂಟದಲ್ಲಿ ಕಿರಿದು. ತೆಗೆದ ದಾರದ ಜಾಗದಲ್ಲಿ ಮೇಣ ತೀಡಿದ ನನ್ನ ದಾರ. ಆದರೆ ಹೊಲಿಗೆ ಅವನದೇ, ಓರೆ, ಹನ್ನೆರಡಕ್ಕೊಂದು ಗಂಟು. ಗೂಡಿನ ಪುಸ್ತಕಗಳ ಕಡೆ ನಾನು ಆ ದಿನ ನೋಡಲಿಲ್ಲ. ಓದುವುದಕ್ಕೆ ಮಡಿಲಲ್ಲೇ ಇತ್ತು. ಉಳಿದ ಬಿಲ್ಲೆಗಳನ್ನು ಒಂದು ಚೀಲಕ್ಕೆ ತುಂಬಿಟ್ಟೆ. ಸರಿದೂಗಲು ಗುಂಡು ಬೇಡವೆಂದು, ಅವಳ ಕೈಗೆ ಹಿಡಿಸುವ ಮೋಟು ಗುದ್ದಲಿ, ಮೊಣಕಾಲಿನ ಪಟ್ಟಿ, ಚರ್ಮದ ಸೊಂಟಪಟ್ಟಿ ಕೊಟ್ಟೆ. ಒಂದೊಂದೂ ಕೆಲಸಕ್ಕೆ ಬರುವಂಥದು. ಸಂಜೆಯ ಮೊದಲು ಅವಳು ಅಂಗಿ ತೊಟ್ಟು ಎರಡೂ ಕೈ ಎತ್ತಿ, ಮರದಿಂದ ಹಣ್ಣು ಕೀಳುವವಳಂತೆ ನಿಂತಳು.

"ಹ್ಯಾಂಗೈತಿ?"

"ಏನೂ ಹಾಕ್ಕೊಂಡಿಲ್ಲ ಅನಸ್ತೈತ್ರಿ."

ಒಬ್ಬ ಕವಚದವನಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ.

ತಕ್ಕಡಿಯ ಕಟ್ಟೆಗೆ ನಾವು ಹೋದಾಗ ಊರು ನೆರೆದಿತ್ತು. ತಕ್ಕಡಿ ನೋಡಿಕೊಳ್ಳುವ ದ್ಯಾಮವ್ವ, ನನಗಿಂತ ಹಿರಿಯಳು, ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ಹದ್ದು. ಎಡದ ತಟ್ಟೆಗೆ ಗುದ್ದಲಿ, ಪಟ್ಟಿಗಳನ್ನಿಟ್ಟಳು; ತಟ್ಟೆ ಇಳಿಯಿತು. ಬಲದ ತಟ್ಟೆಗೆ ಅಂಗಿಯನ್ನಿಟ್ಟಳು. ದಂಡ ಕದಲಲಿಲ್ಲ.

ದ್ಯಾಮವ್ವ ಅಂಗಿಯನ್ನು ಎತ್ತಿ ಮತ್ತೆ ಇಟ್ಟಳು. ಕದಲಲಿಲ್ಲ.

"ಗುಬ್ಬಿ ಕುಂತಂಗ ಆತಲ್ಲೋ ಮೌನಪ್ಪ," ಎಂದಳು ಮೆಲ್ಲಗೆ. ಬಾಯಿಯ ಎಲೆಯನ್ನು ಉಗುಳಿ, ನನ್ನನ್ನೇ ನೋಡುತ್ತ, ಅಂಗಿಯನ್ನು ಎತ್ತಿ ಎಡದ ತಟ್ಟೆಗೆ ಹಾಕಿದಳು. ತಾಮ್ರದ ತಟ್ಟೆ ಧಡ್ ಎಂದು ನೆಲ ಮುಟ್ಟಿತು.

ತಕ್ಕಡಿ ತೀರ್ಪು ಕೊಟ್ಟಿತ್ತು: ಅದು ಈಗ ಉದುರಲ್ಲ, ಕೈಗೆಲಸ. ನನ್ನ ಬಾಳಿನಲ್ಲಿ ಅಂಥ ಗೌರವ ಬಂದದ್ದು ಅದೊಂದೇ ಸಲ, ಮತ್ತು ಅದು ಬಂದದ್ದು ಅತ್ಯಂತ ಕೆಟ್ಟ ಗಳಿಗೆಯಲ್ಲಿ. ಎಡದಲ್ಲಿ ಎಲ್ಲವೂ, ಬಲದಲ್ಲಿ ಏನೂ ಇಲ್ಲ. ಬಾಗಿಲು ತೆರೆಯದು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಫಕೀರವ್ವ ನನ್ನನ್ನು ಬಯ್ಯಲಿಲ್ಲ. ಬಾಗಿಲ ಹತ್ತಿರ ಹೋಗಿ ಅದರ ಮೇಲೆ ಅಂಗೈ ಊರಿ ನಿಂತಳು.

"ಹರದ ಹಾಕಿದಿ ಅಲ್ಲೋ!" ಗುಂಪಿನ ಹಿಂದಿನಿಂದ ಗುರುಪಾದಪ್ಪನ ದನಿ. "ಅಂಥಾ ಉದುರನ್ನ ಹರದು, ಕೂಸಿನ ತಲಿಗೆ ಕುಲಾಯಿ ಹೊಲದಂಗ ಹೊಲದೀದಿ. ನನಗ ಕೊಟ್ಟಿದ್ರ ಗ್ವಾಡಿಗೆ ಹಾಕಿರ್ತಿದ್ದೆ."

"ಗ್ವಾಡಿಗೆ ಹಾಕಿದ್ರ ನೀಲವ್ವ ಬರ್ತಿದ್ಳೇನೋ?" ದ್ಯಾಮವ್ವ ಗದರಿದಳು. "ನಿನ್ನ ಅಂಗಡ್ಯಾಗ ರಾಶಿ ರಾಶಿ ಉದುರು ಕೊಳ್ಯಾಕ ಹತ್ತೈತಿ. ಬಾಯಿ ತಗೀತಿ, ಬಾಗಿಲ ತಗ್ಯಾಕ ಆಗೂದಿಲ್ಲಾ?"

ಅವನು ಕಾಲೆಳೆಯುತ್ತ ಅಂಗಡಿಯ ಕಡೆ ಹೋದ. ದ್ಯಾಮವ್ವ ಅಷ್ಟರಲ್ಲಿ ಎಡದ ತಟ್ಟೆಯಿಂದ ಗುದ್ದಲಿ, ಪಟ್ಟಿಗಳನ್ನು ತೆಗೆದು ಅಂಗಿಯೊಂದನ್ನೇ ಉಳಿಸಿದಳು. ಈಗ ಬೇಕಾದದ್ದು ಅಂಗಿಯ ತೂಕದ ಉದುರು. ನನಗೆ ಚೀಲದ ನೆನಪಾಯಿತು; ಓಡಿಹೋಗಿ ತಂದೆ. ನಾನು ಹೊಲಿಯದೆ ಬಿಟ್ಟ ಆ ಬಿಲ್ಲೆಗಳು ಇನ್ನೂ ಉದುರೇ. ಬಲದ ತಟ್ಟೆ ಸ್ವಲ್ಪ ಬಾಗಿತು. ಗುರುಪಾದಪ್ಪ ಒಂದು ಆಳುದ್ದದ ಖಡ್ಗ ಹೊತ್ತು ಬಂದ.

"ಆ ಸಂದ್ಯಾಗ ಇದು ತಿರುಗ್ತೈತೇನೋ ಗುರುಪಾದಾ?" ಎಂದೆ. "ಬರೇ ತೂಕ ಕೊಡಬ್ಯಾಡ. ಆಕಿ ಕೆಲಸಕ್ಕ ಬರೂದ ಕೊಡು. ಇಷ್ಟು ವರ್ಷ ನಾ ಬರೇ ತೂಕ ಕೊಟ್ಟೀನಿ. ಅದರ ಸುಖಾ ನನಗ ಗೊತ್ತೈತಿ."

ಅವನು ನನ್ನ ಮುಖ ನೋಡಿದ, ಏನೋ ಗೊಣಗಿದ, ಖಡ್ಗವನ್ನು ಹಾಗೇ ಹೊತ್ತು ತಿರುಗಿ ಹೋದ. ಬರುವಾಗ ಒಂದು ಗೇಣುದ್ದದ ಚೂರಿ ತಂದ, ಕತ್ತಲಲ್ಲಿ ತಾನೇ ಹೊಳೆಯುವಂಥದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಯಾರಿಗೂ ಮಾರದೆ ಇಟ್ಟುಕೊಂಡಿದ್ದ ಚೂರಿ. ಬಲದ ತಟ್ಟೆಗೆ ಹಾಕಿ ಮುಖ ತಿರುಗಿಸಿದ. ದ್ಯಾಮವ್ವ ತೊಲೆಗೆ ತೂಗುಹಾಕಿದ್ದ ಎಣ್ಣೆ ಕೇಳದ ದೀಪವನ್ನು ಬಿಚ್ಚಿ ಹಾಕಿದಳು. ಯಾರೋ ಒಬ್ಬ ಹೆಂಗಸು ತನ್ನ ಬಾವಿಯ ಹಗ್ಗವನ್ನೇ ತಂದಳು. ಎಂದೂ ಹರಿಯದ ಆ ಉದುರಿನ ಹಗ್ಗ ಅವಳ ತವರಿನ ಬಳುವಳಿ. ದಂಡ ಏರುತ್ತ ಏರುತ್ತ ಬಂದು, ಸಮಕ್ಕೆ ಒಂದು ಹಿಡಿಯಷ್ಟು ಮುಂಚೆ ನಿಂತಿತು. ಜನ ಇನ್ನೂ ತರಲು ಸಿದ್ಧರಿದ್ದರು: ಸೌಟು, ಗಂಟೆ, ತೊಟ್ಟಿಲ ಗಿಲಕಿ. ಫಕೀರವ್ವ ಬಾಗಿಲಿನಿಂದಲೇ ಹೇಳಿದಳು:

"ಸಾಕ್ರೆವ್ವಾ. ಇನ್ನ ಕೈಯಾಗ ಹಿಡ್ಯಾಕ ಆಗೂದಿಲ್ಲ. ಕೈ ಖಾಲಿ ಇರಬೇಕ್ರಿ, ಅಕ್ಕನ್ನ ಹಿಡ್ಯಾಕ."

ಗುರುಪಾದಪ್ಪ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತ. ನೆಲದ ಮೇಲೆ ನೀಲವ್ವನ ಚಪ್ಪಲಿಗಳಿದ್ದವು; ಕೈಗೆಲಸವಾದ್ದರಿಂದ ಎಡದ ಭಾರಕ್ಕೆ ಸೇರಿಸಲಾಗದೆ ಬಿಟ್ಟವು. ಅವುಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಾಗಿ ತನ್ನ ಎಡಗಾಲಿನ ಜೋಡನ್ನು ಎಳೆದ. ಬರಲಿಲ್ಲ. ಎರಡೂ ಕೈಯಿಂದ ಎಳೆದ. ಬಲಗಾಲಿನದನ್ನು ತೆಗೆಯುವಾಗ ಹಲ್ಲು ಕಚ್ಚಿದ. ಹೊರಬಂದ ಪಾದಗಳನ್ನು ಜನ ನೋಡಬಾರದೆಂಬಂತೆ ಧೋತರದ ಅಂಚಿನಲ್ಲಿ ಮುಚ್ಚಿಕೊಂಡ. ಆದರೆ ಪಕ್ಕದಲ್ಲಿದ್ದ ನಾನು ನೋಡಿದೆ: ಬೆರಳುಗಳು ಒಂದರ ಮೇಲೊಂದು ಹತ್ತಿ, ಮಡಿಸಿಟ್ಟ ಹಾಗೆ ಮಡಿಸಿಹೋಗಿದ್ದವು. ಆ ಜೋಡು ಅವನಿಗೆ ಎಂದೂ ಸರಿಹೋಗಿರಲಿಲ್ಲ. ಒಂದು ಬೆರಳಿನಷ್ಟು ಗಿಡ್ಡ. ಕಾಲಿನ ಎಳೆತ ಹುಟ್ಟಿನಿಂದ ಬಂದದ್ದಲ್ಲ.

"ತಗೋ ತಂಗಿ," ಎಂದ. "ಕೊರಳಿಗೆ ಕಟಗೊಂಡು ಹೋಗು. ನಿಮ್ಮಕ್ಕ ಮೆಟಗೊಂಡು ಬರ್ಲಿ. ಉಪ್ಪು ಚುಚ್ಚೂದಿಲ್ಲ."

ಜೋಡು ತಟ್ಟೆಗೆ ಬಿತ್ತು. ದಂಡ ನಡುಗಿತು, ತೂಗಿತು, ನಿಂತಿತು. ನೀರಿನ ಮೇಲೆ ಗೆರೆ ಎಳೆದ ಹಾಗೆ.

"ದಂಡ ನಿಂತೈತಿ," ದ್ಯಾಮವ್ವ ರೂಢಿಯ ಮಾತು ಹೇಳಿದಳು. "ಹೋಗಿ ಬಾ." ರೂಢಿಯಲ್ಲಿ ಇಲ್ಲದ ಇನ್ನೊಂದು ಮಾತನ್ನೂ ಸೇರಿಸಿದಳು: "ಇಬ್ರೂ ಬರ್ರಿ."

ಮರುದಿನ ಬೆಳಗ್ಗೆ ಗುಬ್ಬಿಗಳ ಹೊತ್ತಿಗೆ ಬಾಗಿಲು ಒಳಗಿನಿಂದ ತೆರೆಯಿತು. ಮೊದಲು ಕಂಡದ್ದು ಹಸಿರು ಜೋಡು. ನೀಲವ್ವನ ಪಾದಕ್ಕೆ ಅವು ದೊಡ್ಡವಾಗಿ, ಗೋಣಿಯ ಚಿಂದಿ ತುರುಕಿಕೊಂಡಿದ್ದಳು. ಹಗ್ಗ ಇಬ್ಬರ ಸೊಂಟಕ್ಕೂ ಕಟ್ಟಿತ್ತು. ಫಕೀರವ್ವನ ಬೆನ್ನ ಮೇಲೆ ಎರಡು ಪದರದ ಜಾಗದಲ್ಲಿ ಗೀರದ ಉಗುರು ಎಳೆದ ಉದ್ದನೆಯ ಬಿಳಿ ಗೀಟುಗಳು. ಒಂದೂ ಒಳಗೆ ಇಳಿದಿರಲಿಲ್ಲ. ಸೊಂಟದ ಚೂರಿಗೆ ಗೀರದ ನೆತ್ತರು ಒಣಗಿ ಅಂಟಿತ್ತು. ನೀಲವ್ವ ನೀರು ಕುಡಿದು, ಉಸಿರು ತಿರುಗಿದ್ದೇ ನನ್ನನ್ನು ಹುಡುಕಿದಳು.

"ಮೌನಪ್ಪ ಕಾಕಾ, ನಾ ತಂದ ಅಂಗೀನ ಹರದೀರಂತಲ್ಲ?"

"ಹರದೀನವ್ವಾ."

"ಅಟ್ಟದ ಮ್ಯಾಲ ಹ್ಯಾಂಗ ಹೊಳೀತಿತ್ತು ಗೊತ್ತೇನ್ರಿ ಅದು! ಹಬ್ಬಕ್ಕೊಮ್ಮೆ ಒರಸ್ತಿದ್ದೆ." ಇಷ್ಟು ಹೇಳಿ ತಂಗಿಯ ಬೆನ್ನಿನ ಬಿಳಿ ಗೀಟುಗಳನ್ನು ನೋಡಿದಳು. ಬೆರಳಿನಿಂದ ಒಂದೊಂದನ್ನೇ ಸವರಿದಳು. ಆಮೇಲೆ ನನ್ನ ಎರಡೂ ಕೈಗಳನ್ನು ತೆಗೆದುಕೊಂಡು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಗೀರ ಸತ್ತು ಏನ ಉದುರಿಸ್ತು?" ಯಾರೋ ಕೇಳಿದರು. ಮನುಷ್ಯರು ಮನುಷ್ಯರೇ.

ಫಕೀರವ್ವ ಸೆರಗಿನ ಗಂಟು ಬಿಚ್ಚಿದಳು. ಒಂದು ದಬ್ಬಣ. ಚರ್ಮ ಹೊಲಿಯುವ ದಪ್ಪ ಸೂಜಿ. ಹಿಡಿಯುವ ಜಾಗದಲ್ಲಿ ಯಾರದೋ ಹೆಬ್ಬೆರಳು ಸವೆಸಿದ ತಗ್ಗು. ಗುಂಪು ನಿರಾಶೆಯಿಂದ ನಕ್ಕಿತು. ಅವಳು ಅದನ್ನು ನನ್ನ ಅಂಗೈಯಲ್ಲಿಟ್ಟಳು. ತಗ್ಗಿನಲ್ಲಿ ನನ್ನ ಹೆಬ್ಬೆರಳು ಕೂತಿತು. ಸರಿಯಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಈಗ ವರ್ಷಗಳಿಂದ ಬಳಸುತ್ತಿದ್ದೇನೆ. ತಗ್ಗು ನನ್ನ ಕಡೆಗೂ ಒಂದಿಷ್ಟು ವಾಲಿದೆ.

ನಾಲ್ಕು ದಿನ ಗುರುಪಾದಪ್ಪನ ಅಂಗಡಿ ತೆರೆಯಲಿಲ್ಲ. ಐದನೆಯ ದಿನ ಮಧ್ಯಾಹ್ನ ನನ್ನ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ. ನೀಲವ್ವ ಜೋಡು ತಿರುಗಿ ಕೊಡಲು ಹೋದಾಗ, "ಇರ್ಲಿ ಬಿಡು" ಎಂದು ಬಾಗಿಲು ಹಾಕಿಕೊಂಡಿದ್ದನೆಂದು ಊರಿಗೆಲ್ಲ ಗೊತ್ತಾಗಿತ್ತು.

"ನೆಲ ಕಾದೈತಿ," ಎಂದ.

"ಬಿಸಲೈತಲ್ಲ, ಕಾಯ್ತೈತಿ."

"ಹಂಗಲ್ಲೋ." ಅತ್ತಿತ್ತ ನೋಡಿದ. "ನೀ ಚಪ್ಪಲಿ ಗಿಪ್ಪಲಿ ಮಾಡ್ತೀಯೋ, ಬರೇ ಗುಂಡ ಹಡೀತೀಯೋ?"

"ಕಾಲ ಇಡು," ಎಂದೆ.

ಹಲಗೆಯ ಮೇಲೆ ಅವನ ಪಾದಗಳನ್ನಿಟ್ಟು ಸುತ್ತ ಇದ್ದಿಲಿನಿಂದ ಗೆರೆ ಎಳೆದೆ. ಅರವತ್ತು ವರ್ಷದ ಗೆಳೆಯನ ಪಾದ ನಾನು ಮುಟ್ಟಿದ್ದು ಅದೇ ಮೊದಲು. ಮಡಿಸಿಹೋದ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ಅವನು ಗೋಡೆಯ ಕಡೆ ನೋಡುತ್ತಿದ್ದ.

"ಯಾಕೋ ಹೇಳ್ಲಿಲ್ಲ ಇಷ್ಟು ವರ್ಷ?"

"ಏನಂತ ಹೇಳೂದು? ಅಂಥಾ ಜೋಡು ಊರಾಗ ಇನ್ನೊಂದಿಲ್ಲ ಅಂತ ನಾನ ಸಾರಿಕೊಂಡು ಬಂದೀನಿ." ತಗ್ಗಿದ ದನಿಯಲ್ಲಿ ಹೇಳಿದ: "ಸಿಕ್ಕಿದ್ದನ್ನ ಬಿಡಾಕ ಮನಸ್ ಆಗ್ಲಿಲ್ಲೋ ಮೌನ್ಯಾ. ಸಿಕ್ಕಿತ್ತಲ್ಲ, ಅದಕ್ಕ."

ನನ್ನಲ್ಲಿ ಒಂದು ಕುಹಕದ ಮಾತು ಸಿದ್ಧವಾಗಿತ್ತು. ದಶಕಗಳಿಂದ ಕಾದು ಕೂತ ಮಾತು. ಅದು ನಾಲಿಗೆಯವರೆಗೆ ಬಂದು ಕರಗಿತು. ನಾನು ಬಾಗಿ ಇನ್ನೊಂದು ಬೆರಳನ್ನು ಬಿಡಿಸಿದೆ.

ಎಮ್ಮೆಯ ಚರ್ಮದ ಅಟ್ಟೆ, ಮೇಲೆ ಮೆತ್ತನೆಯ ಕರುಚರ್ಮ. ಫಕೀರವ್ವ ತಂದುಕೊಟ್ಟ ಚೀಲದಿಂದ ಆರಿಸಿದ ಬಿಲ್ಲೆಗಳನ್ನು ಅಟ್ಟೆಯ ಎರಡು ಪದರಗಳ ನಡುವೆ ಸಾಲಾಗಿ ಕೂರಿಸಿದೆ, ಮುಳ್ಳು ಚುಚ್ಚದಿರಲಿ ಎಂದು. ಕೆಳಗಿನಿಂದ ಬಂದ ದಬ್ಬಣ, ನನ್ನ ದಾರ, ಆ ಅಂಗಿ ಹೊಲಿದವನ ಓರೆ ಹೊಲಿಗೆ. ಬೆರಳುಗಳಿಗೆ ಬೇಕಾದಷ್ಟು ಜಾಗ ಬಿಟ್ಟೆ. ಅವು ನೆಟ್ಟಗಾಗಲು ಎಷ್ಟು ಕಾಲ ಬೇಕೋ ಅಷ್ಟಕ್ಕೂ ಸಾಕಾಗುವ ಹಾಗೆ. ಅಡಿಯಲ್ಲಿ ಒಂದು ಎಲೆ ಕೊರೆದೆ.

ಮೆಟ್ಟಿಕೊ ಎಂದೆ. ಮೆಟ್ಟಿದ. ಎದ್ದು ನಿಂತು ರೂಢಿಯಂತೆ ಬಲಗಾಲು ಎಳೆದ. ಎಳೆಯಲು ಕಾರಣವಿಲ್ಲದ್ದನ್ನು ಕಂಡು ಗಲಿಬಿಲಿಗೊಂಡು ನಿಂತ. ಕುಲುಮೆಯ ಸುತ್ತ ಒಂದು ಸುತ್ತು ಬಂದ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೈಯೂರಿ ಒಂದು ಪಾದ ಎತ್ತಿ ಅಡಿ ನೋಡಿದ.

"ಇದೇನಿದು, ಎಲಿ? ನೆಲಕ್ಕ ತೋರಸ್ಲೇನು ಇದನ್ನ?"

"ಹೂಂ. ನೆಲಾನೂ ನೋಡ್ಲಿ."

"ಇದು ಯಾವ ತಟ್ಟಿಗೆ ಹೋಗ್ತೈತೋ ಮತ್ತ? ಬಿಲ್ಲಿ ಉದುರು, ದಬ್ಬಣ ಉದುರು, ಕೈ ನಿಂದು."

"ತಕ್ಕಡೀನ ಕೇಳು. ನನಗೇನ ಗೊತ್ತು?"

"ಗೊತ್ತಿಲ್ಲದ ಮಾಡಿದ್ಯಾ? ಭಾಳ ಶಾಣ್ಯಾ ಅದಿ." ಹೊಸ್ತಿಲ ಹತ್ತಿರ ನಿಂತು ಹಿಂದಿರುಗಿ ನೋಡಿದ. ಕುಲುಮೆಯನ್ನೋ, ಗೂಡಿನ ಪುಸ್ತಕಗಳನ್ನೋ, ನನ್ನನ್ನೋ. "ನಾಳೆ ಬೆಲ್ಲ ಕಳಸ್ತೀನಿ," ಎಂದ. "ನಿಜವಾಗ್ಲೂ ಕಳಸ್ತೀನಿ."

ಹೊರಗೆ ಕಾಲಿಟ್ಟ. ನಾನು ದಬ್ಬಣವನ್ನು ಕೈಯಲ್ಲಿ ಹಿಡಿದುಕೊಂಡೇ ಕಿವಿಗೊಟ್ಟೆ: ಎರಡೂ ಹೆಜ್ಜೆಗೆ ಒಂದೇ ಸದ್ದು. ಅವನ ಬೆನ್ನ ಹಿಂದೆ ನನ್ನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.